ಎಲ್ಲೋ ಯುದ್ಧ ಆದರೆ ಸಿಂಧನೂರಿನಲ್ಲಿ ಎಣ್ಣೆ ಯಾಕೆ ತುಟ್ಟಿ?

ಎರೆಹೊಲ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಭತ್ತದ ಸೀಮೆ. ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯ ಅರ್ಧ ಭಾಗ ಭತ್ತ ಒಣಗಿಸಲಿಕ್ಕೇ ಹೋಗುತ್ತದೆ. ಮಿಲ್ಲುಗಳ ಮುಂದೆ ಲಾರಿ ಸಾಲುಗಟ್ಟಿ ನಿಂತಿರುತ್ತವೆ. ಇಷ್ಟೆಲ್ಲ ಇದ್ದೂ ನಾಟಿಗೆ ಬರುವ ಹೆಣ್ಣುಮಕ್ಕಳು ಮಧ್ಯಾಹ್ನ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಕಾಣುವುದೇನು? ಅನ್ನ, ಹುಣಸೆಹುಳಿಯ ತಿಳಿಸಾರು, ಒಂದಿಷ್ಟು ಕೆಂಪು ಖಾರ. ಬೇಳೆ ಇಲ್ಲ, ಕಾಯಿಪಲ್ಯ ಇಲ್ಲ. 2022ರಿಂದ ಈಚೆಗೆ ಇದು ಜಾಸ್ತಿಯಾಗಿದೆ ಅಂತ ನನಗೆ ಅನಿಸುತ್ತದೆ.

ಆ ವರ್ಷ ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಜಗತ್ತಿನಲ್ಲಿ ಮಾರಾಟಕ್ಕೆ ಬರುವ ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚುಕಮ್ಮಿ ಅರ್ಧ ಉಕ್ರೇನಿನದೇ. ಹಡಗು ನಿಂತವು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತನ್ನ ಜನಕ್ಕೆ ಸಾಲುತ್ತಿಲ್ಲ ಅಂತ ತಾಳೆ ಎಣ್ಣೆಯ ರಫ್ತನ್ನೂ ಕೆಲವು ವಾರ ನಿಲ್ಲಿಸಿತು. ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದಲೇ ಬರುವುದು. ಹಾಗಾಗಿ ಇಲ್ಲಿ ಲೀಟರ್ ಎಣ್ಣೆ 200ರ ಹತ್ತಿರ ಹೋಯಿತು. ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಲೆಕ್ಕ ಇಡುವ ಆಹಾರ ಬೆಲೆ ಸೂಚ್ಯಂಕ ಅದೇ ಮಾರ್ಚಿನಲ್ಲಿ ಹಿಂದೆಂದೂ ಇಲ್ಲದಷ್ಟು ಮೇಲೆ ಹೋಗಿತ್ತು.

ಕೂಲಿ ಎಷ್ಟು ಏರಿತು? ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ 2021-22ರಲ್ಲಿ 289 ಇತ್ತು, ಮುಂದಿನ ವರ್ಷ 309 ಆಯಿತು. ಬರೀ ಇಪ್ಪತ್ತು ರೂಪಾಯಿ.

ಕಣಜ ತುಂಬಿದ ಊರಲ್ಲೇ ತಟ್ಟೆ ಯಾಕೆ ತೆಳ್ಳಗಾಗುತ್ತದೆ, ಇದಕ್ಕೆ ಏನು ಮಾಡಬಹುದು? ನಿಮ್ಮ ಊರಲ್ಲಿ ಕಂಡದ್ದನ್ನು ಬರೆಯಿರಿ.

ಕಿರಾಣಿ ಅಕ್ಕ, ಲಿಂಗಸುಗೂರು

ಅಣ್ಣಾ, ನನ್ನ ಅಂಗಡಿ ಗಲ್ಲಾ ಮುಂದೆ ಕೂತರೆ ನಿಮಗೆ ಎಲ್ಲಾ ತಿಳಿಯುತ್ತದೆ. ಬೆಲೆ ಏರಿದಾಗ ಜನ ಮೊದಲು ಬಿಡುವುದು ತೊಗರಿ ಬೇಳೆ. ಕೆಜಿ ಕೇಳುತ್ತಿದ್ದವರು ಅರ್ಧ ಕೆಜಿ, ಆಮೇಲೆ ಪಾವು ಕೆಜಿ. ಆಮೇಲೆ ತೊಗರಿ ಬಿಟ್ಟು ಯಾವುದು ಸೋವಿ ಇದೆಯೋ ಆ ಬೇಳೆ. ಎರಡನೆಯದು ಎಣ್ಣೆ. ಎಣ್ಣೆಯನ್ನು ಬಿಡಲಿಕ್ಕಾಗುವುದಿಲ್ಲ, ಸಣ್ಣ ಪೊಟ್ಟಣಕ್ಕೆ ಇಳಿಯುತ್ತಾರೆ. ಸಂಜೆ ಕೂಲಿ ಕೈಗೆ ಬಂದ ಮೇಲೆ ಆ ರಾತ್ರಿಯ ಒಗ್ಗರಣೆಗೆ ಆಗುವಷ್ಟು. ಲೆಕ್ಕ ಹಾಕಿ ನೋಡಿ, ಸಣ್ಣ ಪೊಟ್ಟಣ ಕೊಳ್ಳುವ ಬಡವ ಲೀಟರಿಗೆ ಸಾಹುಕಾರನಿಗಿಂತ ಜಾಸ್ತಿ ಕೊಟ್ಟಿರುತ್ತಾನೆ. ಇದು ನನಗೆ ಬಹಳ ಬೇಜಾರಿನ ವಿಷಯ. ನಾನೂ ಹೋಲ್‌ಸೇಲಿನಲ್ಲಿ ಕೊಂಡು ತರುವವಳು, ಒಡೆದು ಕೊಟ್ಟರೆ ನನಗೆ ಹಾನಿ.

ಉದ್ರಿ ಪುಸ್ತಕ ಒಂದೇ ವರ್ಷದಲ್ಲಿ ದಪ್ಪ ಆಯಿತು. ಹಳೇ ಬಾಕಿ ತೀರಿಸದೆ ಹೊಸದು ಕೇಳಲು ನಾಚಿಕೆಯಾಗಿ ಎಷ್ಟೋ ಮಂದಿ ನಮ್ಮ ಅಂಗಡಿ ದಾಟಿ ಬೇರೆ ಕಡೆ ಹೋಗುತ್ತಾರೆ. ಅಕ್ಕಿ ಮಾತ್ರ ಯಾರೂ ಕೇಳುವುದಿಲ್ಲ, ರೇಷನ್ನಿನಲ್ಲಿ ಬರುತ್ತದಲ್ಲ.

ಕುಷ್ಟಗಿ ಹೊಲಮನೆ

ಎಣ್ಣೆ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಚಿಕ್ಕವನಿದ್ದಾಗ ನಮ್ಮ ಕೊಪ್ಪಳ ಕಡೆ ಮುಂಗಾರಿನಲ್ಲಿ ಎತ್ತ ನೋಡಿದರೂ ಸೂರ್ಯಕಾಂತಿ. ಕುಷ್ಟಗಿ, ಯಲಬುರ್ಗಾ, ಆ ಕಡೆ ರಾಯಚೂರು, ಬಳ್ಳಾರಿಯ ಎರೆಭೂಮಿ ಎಲ್ಲಾ ಹಳದಿ. ದೇಶದಲ್ಲಿ ಸೂರ್ಯಕಾಂತಿ ಬೆಳೆಯುವುದರಲ್ಲಿ ಕರ್ನಾಟಕವೇ ಮುಂದಿತ್ತು. 1986ರಲ್ಲಿ ಕೇಂದ್ರ ಎಣ್ಣೆಕಾಳುಗಳಿಗೆ ಅಂತಲೇ ಒಂದು ಮಿಷನ್ ಶುರು ಮಾಡಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ನಾವು ಎಣ್ಣೆಯಲ್ಲಿ ಬಹುತೇಕ ಸ್ವಾವಲಂಬಿ ಆಗಿದ್ದೆವು. ಇದನ್ನು ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

ಆಮೇಲೆ ಎರಡು ಏಟು ಒಟ್ಟಿಗೆ ಬಿದ್ದವು. 1994ರಿಂದ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆದರು. ಸೋವಿ ಎಣ್ಣೆ ಬಂದಾಗ ಊರಿನ ಕಾಳಿಗೆ ಬೆಲೆ ಬಿತ್ತು. ಅದರ ಬೆನ್ನಿಗೇ, 1997ರ ಸುಮಾರಿಗೆ, ನೆಕ್ರೋಸಿಸ್ ರೋಗ ಕಾಣಿಸಿಕೊಂಡಿತು. ಎಲೆ ಕರಕಲಾಗಿ, ಹೂವು ಸೊಟ್ಟಗಾಗಿ, ಕಾಳು ಜೊಳ್ಳಾಗುತ್ತಿತ್ತು. ಥ್ರಿಪ್ಸ್ ನುಸಿಯಿಂದ ಹರಡುವ ವೈರಸ್ ಅದು. ಗಿಳಿ ಕಾಟ ಬೇರೆ. ರೈತ ನಿಧಾನಕ್ಕೆ ಮೆಕ್ಕೆಜೋಳಕ್ಕೆ ಹೋದ. 1993-94ರ ಹೊತ್ತಿಗೆ ದೇಶದಲ್ಲಿ 25 ಲಕ್ಷ ಹೆಕ್ಟೇರ್ ದಾಟಿದ್ದ ಸೂರ್ಯಕಾಂತಿ, ಯುದ್ಧ ಶುರುವಾಗುವ ಹೊತ್ತಿಗೆ ಅದರ ಹತ್ತನೇ ಒಂದು ಭಾಗದ ಆಸುಪಾಸಿಗೆ ಬಂದು ನಿಂತಿತ್ತು.

ಅದಕ್ಕೇ ಉಕ್ರೇನಿನಲ್ಲಿ ಬಾಂಬು ಬಿದ್ದರೆ ಲಿಂಗಸುಗೂರಿನ ಅಕ್ಕನ ಅಂಗಡಿಯಲ್ಲಿ ಎಣ್ಣೆ ತುಟ್ಟಿ. ನಾವೇ ಬೆಳೆಯುತ್ತಿದ್ದ ಬೆಳೆ ಅದು. ಬೆಲೆ ಏರಿದಾಗ ಆಮದು ಸುಂಕ ತೆಗೆಯುತ್ತಾರೆ, ತಿನ್ನುವವರಿಗೆ ಅನುಕೂಲ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಅಡುಗೆ ಎಣ್ಣೆಯ ಮೂಲ ಆಮದು ಸುಂಕ 20 ಪ್ರತಿಶತಕ್ಕೆ ಏರಿಸಿದರು, 2025ರ ಮೇ ಕೊನೆಗೆ ಮತ್ತೆ 10ಕ್ಕೆ ಇಳಿಸಿದರು. ಹೀಗೆ ಎಂಟು ತಿಂಗಳಿಗೊಮ್ಮೆ ಬದಲಾದರೆ ಯಾವ ರೈತ ಧೈರ್ಯ ಮಾಡಿ ಸೂರ್ಯಕಾಂತಿ ಬಿತ್ತುತ್ತಾನೆ, ಹೇಳಿ?

ಗಂಗಾವತಿ ಮಿಲ್

ಸುಂಕದ ಮಾತಾಯಿತು, ಇನ್ನು ರಫ್ತು ನಿಷೇಧದ ಬಗ್ಗೆಯೂ ಮಾತಾಡಿ. 2022ರ ಮೇ 13ಕ್ಕೆ ಗೋಧಿ ಬಂದ್. ಸೆಪ್ಟೆಂಬರಿನಲ್ಲಿ ನುಚ್ಚಕ್ಕಿ ಬಂದ್. 2023ರ ಜುಲೈ 20ಕ್ಕೆ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ಪೂರ್ತಿ ಬಂದ್. ಆಗಸ್ಟಿನಲ್ಲಿ ಕುಸುಬಲಕ್ಕಿಗೆ 20 ಪ್ರತಿಶತ ಸುಂಕ. ಬಿಳಿ ಅಕ್ಕಿಗೆ ಮತ್ತೆ ಬಾಗಿಲು ತೆರೆದದ್ದು 2024ರ ಸೆಪ್ಟೆಂಬರ್ ಕೊನೆಗೆ, ನುಚ್ಚಕ್ಕಿಗೆ 2025ರ ಮಾರ್ಚಿನಲ್ಲಿ. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು 40 ಪ್ರತಿಶತ ನಮ್ಮ ದೇಶದ್ದು. ಹೊರಗೆ ಒಳ್ಳೆ ರೇಟು ಬಂದಾಗಲೇ ರೈತನಿಗೆ ನಾಲ್ಕು ಕಾಸು ಹೆಚ್ಚು ಸಿಗಬೇಕು. ಅದೇ ಹೊತ್ತಿಗೆ ಬಾಗಿಲು ಹಾಕಿದರೆ ಹೇಗೆ? ಡೀಸೆಲ್ ಜಾಗತಿಕ ಬೆಲೆಗೆ ಕೊಳ್ಳಬೇಕು, ಸೋನಾ ಮಸೂರಿ ಮಾತ್ರ ಊರ ಬೆಲೆಗೆ ಮಾರಬೇಕು ಅಂದರೆ ನ್ಯಾಯ ಅಲ್ಲ.

ನಾನು ಮಿಲ್ಲಿನಲ್ಲಿ ಲೆಕ್ಕ ಬರೆಯುವವನು, ಮಾಲೀಕ ಅಲ್ಲ. ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ.

ಮಾನ್ವಿ ರೇಷನ್ ಕಾರ್ಡ್

ಅಣ್ಣಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ 2023 ಎಂಥ ವರ್ಷ ನೆನಪಿದೆಯಾ? ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ತುಂಗಭದ್ರಾ ಡ್ಯಾಮ್ ತುಂಬಲಿಲ್ಲ, ಎರಡನೇ ಬೆಳೆಗೆ ನೀರಿಲ್ಲ. ಅಂಥ ಹೊತ್ತಿನಲ್ಲಿ ಅಕ್ಕಿಯೆಲ್ಲಾ ಹಡಗು ಹತ್ತಿದ್ದರೆ ನಮ್ಮ ಗತಿ ಏನು?

ನಮ್ಮ ಮನೆ ಉಳಿದದ್ದು ಅನ್ನಭಾಗ್ಯದಿಂದ. ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆ ವರ್ಷ ಹೆಚ್ಚುವರಿ 5 ಕೆಜಿ ಅಕ್ಕಿ ರಾಜ್ಯಕ್ಕೆ ಸಿಗದೆ, ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ಆ ದುಡ್ಡಿಗೆ ಅಂಗಡಿಯಲ್ಲಿ 5 ಕೆಜಿ ಅಕ್ಕಿ ಬರುತ್ತಿರಲಿಲ್ಲ. ಆದರೆ ನಮ್ಮವ್ವ ಅದರಲ್ಲಿ ಬೇಳೆ, ಎಣ್ಣೆ ತಂದಳು. 2025ರಲ್ಲಿ ಮತ್ತೆ 10 ಕೆಜಿ ಅಕ್ಕಿಯೇ ಶುರುವಾದಾಗ ಅವಳು ಕೇಳಿದ್ದು, ಇಷ್ಟು ಅಕ್ಕಿಗೆ ಸಾರು ಯಾವುದರಿಂದ ಮಾಡಲಿ ಅಂತ.

ಗಂಗಾವತಿ ಹುಡುಗ, ಈಗ ನೈರೋಬಿ

ಊರಿನವರ ಮಾತು ಓದಿ ಸುಮ್ನೆ ಇರಲಾಗಲಿಲ್ಲ. ಕೆಲಸದ ಮೇಲೆ ಕೀನ್ಯಾದಲ್ಲಿದ್ದೇನೆ. ಇಲ್ಲಿನ ಜನರ ಮುಖ್ಯ ಊಟ ಉಗಾಲಿ, ನಮ್ಮ ಮುದ್ದೆಯ ಹಾಗೇ, ಬಿಳಿ ಮೆಕ್ಕೆಜೋಳದ ಹಿಟ್ಟಿನದು. 2022ರಲ್ಲಿ 2 ಕೆಜಿ ಹಿಟ್ಟಿನ ಪಾಕೀಟು 200 ಶಿಲಿಂಗ್ ದಾಟಿತು. ಚುನಾವಣೆಗೆ ಮುಂಚೆ ಸರ್ಕಾರ ಸಬ್ಸಿಡಿ ಕೊಟ್ಟು 100ಕ್ಕೆ ಇಳಿಸಿತು, ಆದರೆ ಅಂಗಡಿಗಳಲ್ಲಿ ಆ ಪಾಕೀಟೇ ಸಿಗುತ್ತಿರಲಿಲ್ಲ. ಚುನಾವಣೆ ಮುಗಿಯಿತು, ಸಬ್ಸಿಡಿಯೂ ನಿಂತಿತು. ಇಲ್ಲಿ ನಮ್ಮ ಹಾಗೆ ಮನೆಮನೆಗೆ ಪಡಿತರ ಕಾರ್ಡ್ ಇಲ್ಲ. ಬೆಲೆ ಏರಿದರೆ ಅದು ನೇರವಾಗಿ ತಟ್ಟೆಗೇ ಬಂದು ಬೀಳುತ್ತದೆ, ನಡುವೆ ತಡೆಯುವವರು ಇಲ್ಲ.

ಬರೀ ಯುದ್ಧ ಅಂತಲ್ಲ. ಕೀನ್ಯಾದ ಉತ್ತರ ಭಾಗ, ಸೊಮಾಲಿಯಾ, ಇಥಿಯೋಪಿಯಾದಲ್ಲಿ 2020ರ ಕೊನೆಯಿಂದ ಸತತ ಐದು ಮಳೆಗಾಲ ಕೈಕೊಟ್ಟಿದ್ದವು. ದನ, ಒಂಟೆ ಲಕ್ಷಗಟ್ಟಲೆ ಸತ್ತವು. ಸೊಮಾಲಿಯಾಕ್ಕೆ ಬರುತ್ತಿದ್ದ ಗೋಧಿಯಲ್ಲಿ 90 ಪ್ರತಿಶತ ರಷ್ಯಾ, ಉಕ್ರೇನಿನದು. ಬರದ ಮೇಲೆ ಯುದ್ಧ. ಅದರ ಮೇಲೆ ಡಾಲರ್. ಇಲ್ಲಿನ ಶಿಲಿಂಗ್ 2022ರಲ್ಲಿ ಡಾಲರಿಗೆ 113ರ ಸುಮಾರು ಇದ್ದದ್ದು 2024ರ ಜನವರಿಗೆ 160 ಮುಟ್ಟಿತು. ಜಗತ್ತಿನಲ್ಲಿ ಗೋಧಿ ಬೆಲೆ ಇಳಿದರೂ ಇಲ್ಲಿ ಇಳಿಯದೇ ಇದ್ದದ್ದು ಅದಕ್ಕೇ. ಸಾಲ ಮಾಡಿದ ಬಡ ದೇಶಗಳೆಲ್ಲದರ ಕಥೆ ಇದೇ.

ಮಿಲ್ ಅಣ್ಣನಿಗೆ, ಮಾನ್ವಿ ತಮ್ಮನಿಗೆ ಇಬ್ಬರಿಗೂ ಒಂದು ಮಾತು. ನಾವು ಅಕ್ಕಿ ನಿಲ್ಲಿಸಿದ ಮರುತಿಂಗಳೇ ಜಗತ್ತಿನ ಅಕ್ಕಿ ಬೆಲೆ 15 ವರ್ಷದಲ್ಲೇ ಮೇಲಿನ ಮಟ್ಟಕ್ಕೆ ಹೋಯಿತು. ಸೆನೆಗಲ್‌ನಲ್ಲಿ ಜನ ನುಚ್ಚಕ್ಕಿಯನ್ನೇ ಇಷ್ಟಪಟ್ಟು ತಿನ್ನುತ್ತಾರೆ, ಅದು ಅವರ ದಿನದ ಊಟ. ನಮ್ಮಲ್ಲಿ ಅದನ್ನು ಕೋಳಿಗೆ ಹಾಕುತ್ತೇವೆ, ಈಗ ಪೆಟ್ರೋಲಿಗೆ ಬೆರೆಸುವ ಎಥೆನಾಲಿಗೂ ಹಾಕುತ್ತೇವೆ. ನಮ್ಮ ಹೊಟ್ಟೆ ಕಾಯಲು ನಾವು ಹಾಕಿದ ಬಾಗಿಲು ಅಲ್ಲಿನ ತಾಯಿಯ ಒಲೆಗೆ ತಾಗುತ್ತದೆ. ಇಂಡೋನೇಷ್ಯಾ ನಮಗೆ ಮಾಡಿದ್ದನ್ನು ನಾವು ಇನ್ನೊಬ್ಬರಿಗೆ ಮಾಡಿದೆವು.

ಮಾನ್ವಿ ರೇಷನ್ ಕಾರ್ಡ್

ಅಣ್ಣಾ, ನೀವು ಹೇಳಿದ್ದು ಎದೆಗೆ ನಾಟಿತು. ಆದರೂ ಕೇಳುತ್ತೇನೆ, ಮೊದಲು ಮನೆಯವರಿಗೆ ಉಣ್ಣಿಸುವುದು ತಪ್ಪಾ?

ಗಂಗಾವತಿ ಹುಡುಗ, ಈಗ ನೈರೋಬಿ

ತಪ್ಪಲ್ಲ ತಮ್ಮಾ. ರಾತ್ರೋರಾತ್ರಿ ಪೂರ್ತಿ ಬಂದ್ ಮಾಡುವುದು ತಪ್ಪು ಅಂತ ನನ್ನ ಅನಿಸಿಕೆ. ಮುಂಚೆ ತಿಳಿಸಿ, ಇಷ್ಟು ಟನ್ ಕೊಡುತ್ತೇವೆ ಅಂತ ಮಾತು ಕೊಟ್ಟು, ಅದನ್ನು ಉಳಿಸಿಕೊಳ್ಳಬಹುದು. ನಿಷೇಧ ಇದ್ದಾಗಲೂ ನೇಪಾಳ, ಕ್ಯಾಮರೂನ್, ಫಿಲಿಪ್ಪೀನ್ಸ್ ಮುಂತಾದ ದೇಶಗಳು ಕೇಳಿಕೊಂಡಾಗ ಸರ್ಕಾರ ಇಂತಿಷ್ಟು ಅಂತ ಬಿಟ್ಟುಕೊಟ್ಟಿತ್ತಲ್ಲ. ಆ ದಾರಿಯನ್ನು ಮೊದಲೇ ಹಿಡಿಯಬೇಕಿತ್ತು.

ತೊಗರಿಯಲ್ಲೂ ಹೀಗೇ ಆಗಿದೆ. ನಮ್ಮಲ್ಲಿ ಬೇಳೆ ತುಟ್ಟಿಯಾಯಿತು ಅಂತ 2016ರಲ್ಲಿ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡರು. ಅಲ್ಲಿನ ಸಣ್ಣ ರೈತರು ನಮ್ಮನ್ನೇ ನಂಬಿ ತೊಗರಿ ಹಾಕಿದರು. 2017ರಲ್ಲಿ ನಮ್ಮಲ್ಲಿ ಬಂಪರ್ ಬೆಳೆ. ಕಲಬುರಗಿ, ರಾಯಚೂರಿನಲ್ಲಿ ರೇಟು ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು, ಆಮದಿಗೆ ಮಿತಿ ಹಾಕಿದರು. ಅಲ್ಲಿ ಬೆಲೆ ಕುಸಿಯಿತು. ಎರಡೂ ಕಡೆ ಅತ್ತದ್ದು ಸಣ್ಣ ರೈತನೇ.

ಕೋಟೆ ಕೆಳಗಿನ ಮನೆ, ಬಳ್ಳಾರಿ

ಎರೆಹೊಲ ಅವರ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆಗ ನಾವು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದೆವು. ರೈಲು ಇರಲಿಲ್ಲ, ಧಾನ್ಯ ತರಲಾಗಲಿಲ್ಲ ಅಂತ ಅಂದುಕೊಳ್ಳಬೇಡಿ. ಬೊಂಬಾಯಿ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ಎರಡೂ 1871ರಲ್ಲಿ ರಾಯಚೂರಿನಲ್ಲೇ ಬಂದು ಕೂಡಿದ್ದವು. ಧಾನ್ಯ ಬಂತು ಕೂಡ. ಆದರೆ ಬೆಲೆ ಕೂಲಿಯವನ ಕೈಗೆ ಎಟುಕಲಿಲ್ಲ. ಬೆಳೆ ಹೋದ ಮೇಲೆ ಕೂಲಿಯೇ ಇಲ್ಲ, ದುಡ್ಡು ಎಲ್ಲಿಂದ ಬರಬೇಕು? ಅದೇ ವರ್ಷಗಳಲ್ಲಿ ಭಾರತದಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಲೇ ಇತ್ತು. ವ್ಯಾಪಾರಕ್ಕೆ ಕೈ ಹಾಕಬಾರದು ಅನ್ನುವುದು ವೈಸ್‌ರಾಯ್ ಲಿಟ್ಟನ್ನನ ನಿಲುವು. ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಮಟ್ಟಕ್ಕೆ ಇಳಿಸಿದ. ಅಂದರೆ ಅರ್ಧ ಕೆಜಿಗೂ ಕಮ್ಮಿ, ಅದೂ ಕಲ್ಲು ಒಡೆಯುವವನಿಗೆ. ಬ್ರಿಟಿಷ್ ಪ್ರದೇಶದಲ್ಲೇ 50 ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಂತ ಅಂದಾಜು.

1943ರ ಬಂಗಾಳದ ಬರವನ್ನು ನೋಡಿ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಹೇಳಿದ್ದೂ ಇದೇ. ಹಸಿವು ಅಂದರೆ ಧಾನ್ಯ ಇಲ್ಲ ಅಂತಲ್ಲ, ಇರುವ ಧಾನ್ಯವನ್ನು ಪಡೆಯುವ ಶಕ್ತಿ ಕೆಲವರಿಗೆ ಇಲ್ಲ ಅಂತ. ನಮ್ಮ ಜಿಲ್ಲೆಯವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಬಿಸಿಯೂಟದ ಮೇಷ್ಟ್ರು, ಯಲಬುರ್ಗಾ

ಶಾಲೆಯ ಮಾತು ಹೇಳುತ್ತೇನೆ. 2021ರ ಡಿಸೆಂಬರಿನಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವುದನ್ನು ನಮ್ಮ ಕಲ್ಯಾಣ ಕರ್ನಾಟಕ ಭಾಗದಿಂದಲೇ ಶುರು ಮಾಡಿದರು, ಅಪೌಷ್ಟಿಕತೆ ಇಲ್ಲೇ ಜಾಸ್ತಿ ಅಂತ. ವಿರೋಧವೂ ಬಂತು. ಆದರೆ ಮೊಟ್ಟೆಯ ದಿನ ಹಾಜರಿ ನೋಡಬೇಕು ನೀವು. ಒಬ್ಬ ಹುಡುಗಿ ಬಿಳಿ ಭಾಗ ತಿಂದು, ಹಳದಿ ಭಾಗವನ್ನು ನೋಟ್‌ಬುಕ್ ಹಾಳೆಯಲ್ಲಿ ಸುತ್ತಿ ಇಟ್ಟುಕೊಂಡಳು. ಯಾಕಮ್ಮ ಅಂದರೆ, ತಮ್ಮನಿಗೆ ಸರ್ ಅಂದಳು. ತಮ್ಮ ಇನ್ನೂ ಶಾಲೆಗೆ ಬರುವ ವಯಸ್ಸಿನವನಲ್ಲ.

ಒಂದು ಮೊಟ್ಟೆಗೆ ಬರುತ್ತಿದ್ದದ್ದು 6 ರೂಪಾಯಿ. ಅದರಲ್ಲೇ ಕೊಳ್ಳಬೇಕು, ಬೇಯಿಸಬೇಕು, ಸುಲಿದು ಕೊಡಬೇಕು. ಚಳಿಗಾಲದಲ್ಲಿ ಅಂಗಡಿಯಲ್ಲೇ ಮೊಟ್ಟೆ 6 ದಾಟುತ್ತದೆ. ಮಿಕ್ಕದ್ದನ್ನು ಮುಖ್ಯ ಗುರುಗಳು ಕೈಯಿಂದ ಹಾಕುತ್ತಾರೆ, ಎಷ್ಟೋ ಶಾಲೆಗಳಲ್ಲಿ ಹೀಗೇ ನಡೆದಿದೆ. ಅನುದಾನವನ್ನು ಬೆಲೆಗೆ ಜೋಡಿಸದೆ ವರ್ಷಗಟ್ಟಲೆ ಒಂದೇ ಅಂಕಿಯಲ್ಲಿ ಇಟ್ಟರೆ, ಕಾಗದದ ಮೇಲೆ ಯೋಜನೆ ಇರುತ್ತದೆ, ಮಗುವಿನ ಕೈಯಲ್ಲಿ ಮೊಟ್ಟೆ ಇರುವುದಿಲ್ಲ. ನೈರೋಬಿಯಿಂದ ಬರೆದವರು ಎಥೆನಾಲ್ ಅಂದರು. ಕೋಳಿಗೆ ಹಾಕುವ ಮೆಕ್ಕೆಜೋಳವೂ ಈಗ ಎಥೆನಾಲಿಗೆ ಹೋಗುತ್ತಿದೆ. 2024ರಲ್ಲಿ ನಮ್ಮ ದೇಶ ಮೆಕ್ಕೆಜೋಳ ಆಮದು ಮಾಡಿಕೊಳ್ಳುವ ಸ್ಥಿತಿ ಬಂತು. ಪೆಟ್ರೋಲ್ ಬಂಕಿಗೂ ಮಗುವಿನ ಮೊಟ್ಟೆಗೂ ಈಗ ಸಂಬಂಧ ಇದೆ.

ಕಾಲುವೆ ಕೊನೆ, ರಾಯಚೂರು

ಗೊಬ್ಬರದ ಬಗ್ಗೆ ಯಾರೂ ಬರೆಯಲಿಲ್ಲ. ಯೂರಿಯಾ ಮಾಡುವುದು ನೈಸರ್ಗಿಕ ಅನಿಲದಿಂದ. ಅನಿಲ ತುಟ್ಟಿಯಾದರೆ ಯೂರಿಯಾ ತುಟ್ಟಿ. ಪೊಟ್ಯಾಷ್ ಅಂತೂ ಪೂರ್ತಿ ಹೊರಗಿನದು. ನಮಗೆ 45 ಕೆಜಿ ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೇ ಸಿಗುತ್ತದೆ, ಡಿಎಪಿ 1350ಕ್ಕೆ. ಮಿಕ್ಕದ್ದನ್ನು ಕೇಂದ್ರ ಹೊರುತ್ತದೆ. 2022-23ರಲ್ಲಿ ಆ ಸಬ್ಸಿಡಿ ಎರಡೂವರೆ ಲಕ್ಷ ಕೋಟಿಯ ಆಸುಪಾಸು ಹೋಯಿತು. ಆ ಭಾರ ಹೊರಲಾರದ ದೇಶಗಳಲ್ಲಿ ರೈತ ಗೊಬ್ಬರವನ್ನೇ ಬಿಟ್ಟ, ಮುಂದಿನ ವರ್ಷ ಇಳುವರಿ ಬಿತ್ತು. ಶ್ರೀಲಂಕಾ ನೋಡಿ. ಡಾಲರ್ ಉಳಿಸಬೇಕು, ಸಾವಯವ ಮಾಡಬೇಕು ಅಂತ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ಒಮ್ಮೆಗೇ ನಿಲ್ಲಿಸಿದರು. ಆರೇಳು ತಿಂಗಳಲ್ಲಿ ವಾಪಸ್ ತೆಗೆದರು, ಅಷ್ಟರಲ್ಲಿ ಭತ್ತ ಹೋಗಿತ್ತು. 2022ರ ಸೆಪ್ಟೆಂಬರಿಗೆ ಅಲ್ಲಿ ಆಹಾರದ ಬೆಲೆ ಒಂದೇ ವರ್ಷದಲ್ಲಿ 90 ಪ್ರತಿಶತಕ್ಕಿಂತ ಹೆಚ್ಚು ಏರಿತ್ತು.

ಆದರೆ ಚೀಲದ ಮೇಲಿನ ಬೆಲೆ ಒಂದು, ಕೈಗೆ ಸಿಗುವ ಬೆಲೆ ಇನ್ನೊಂದು. ಚೀನಾ ರಫ್ತು ಬಿಗಿ ಮಾಡಿದರೆ ಇಲ್ಲಿ ಸಾಲು ಶುರು. 2025ರ ಜುಲೈನಲ್ಲಿ ಕೊಪ್ಪಳದಲ್ಲಿ ಯೂರಿಯಾಕ್ಕೆ ಬೆಳಗಿನ ಜಾವದಿಂದ ನಿಂತವರನ್ನು ನೋಡಿದ್ದೀರಿ. ನನಗೆ ಒಂದು ಅಂಗಡಿಯಲ್ಲಿ ಡಿಎಪಿ ಬೇಕಾದರೆ ಲಿಂಕ್ ತಗೋ ಅಂದರು. ಬೇಡದ ಪೋಷಕಾಂಶದ ಬಾಟಲಿ ಜೊತೆಗೆ ಕೊಂಡರೆ ಮಾತ್ರ ಚೀಲ. ನಾನು ಲೀಸಿಗೆ ಮಾಡುವವನು. ಪಹಣಿ ನನ್ನ ಹೆಸರಲ್ಲಿ ಇಲ್ಲ, ಬೆಳೆ ವಿಮೆ ನನಗಿಲ್ಲ, ಸೊಸೈಟಿ ಸಾಲವೂ ಇಲ್ಲ. ಸಾಹುಕಾರನ ಬಡ್ಡಿ ಮಾತ್ರ ನನ್ನದು.

ಇನ್ನು ನೀರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್, ಅಂದರೆ ಗೇಟಿನ ಬದಲು ನೀರು ತಡೆಯುವ ಉಕ್ಕಿನ ಹಲಗೆ, ಇಳಿಸಿ ಬೆಳೆ ಉಳಿಸಿತು, ಅವರಿಗೆ ಎಷ್ಟು ಕೈಮುಗಿದರೂ ಸಾಲದು. 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಹೂಳು ತುಂಬಿ ಈಗ 105ರ ಆಸುಪಾಸು. ಆ ಕಮ್ಮಿಯಾದ ನೀರಿನ ಪೆಟ್ಟು ಮೊದಲು ತಟ್ಟುವುದು ಕಾಲುವೆಯ ಕೊನೆಯವನಿಗೆ.

ಹಿಂಗಾರಿ ಜೋಳ, ದೇವದುರ್ಗ

ಇಷ್ಟೆಲ್ಲ ಯಾಕೆ? ನಮ್ಮ ಬಿಳಿ ಜೋಳಕ್ಕೆ ಹೊರಗಿನ ಗೊಬ್ಬರವೂ ಅಷ್ಟು ಬೇಡ, ಕಾಲುವೆಯೂ ಬೇಡ. ಎರೆಯಲ್ಲಿ ಉಳಿದ ತೇವ, ಹಿಂಗಾರಿನ ಇಬ್ಬನಿ ಸಾಕು. ದನಕ್ಕೆ ಕಣಿಕೆಯೂ ಆಗುತ್ತದೆ. ರೊಟ್ಟಿ, ಪುಂಡಿಪಲ್ಯ ತಿಂದು ಬೆಳೆದವರು ನಾವು. ಎಲ್ಲರೂ ಜೋಳಕ್ಕೆ ವಾಪಸ್ ಬನ್ನಿ.

ಕಿರಾಣಿ ಅಕ್ಕ, ಲಿಂಗಸುಗೂರು

ಅಣ್ಣಾ, ಮಾತು ಚೆನ್ನಾಗಿದೆ. ಆದರೆ ಅಕ್ಕಿ ಪುಕ್ಕಟೆ, ಒಳ್ಳೆ ಬಿಳಿ ಜೋಳ ದುಡ್ಡು ಕೊಟ್ಟು ಕೊಳ್ಳಬೇಕು. ಬೆಳಗ್ಗೆ ಏಳಕ್ಕೆ ಟಂಟಂ ಹತ್ತಿ ಕೂಲಿಗೆ ಹೋಗುವ ಹೆಣ್ಣುಮಗಳು ಹತ್ತು ರೊಟ್ಟಿ ಬಡಿಯಲು ಎಷ್ಟೊತ್ತಿಗೆ ಏಳಬೇಕು? ಒಲೆ ಎಷ್ಟು ಹೊತ್ತು ಉರಿಯಬೇಕು? 2023ರಲ್ಲಿ ಸಿಲಿಂಡರ್ 1100 ದಾಟಿದಾಗ ಉಜ್ವಲ ಗ್ಯಾಸ್ ಇದ್ದವರೂ ಮತ್ತೆ ಕಟ್ಟಿಗೆಗೆ ಹೋದರು. ಕುಕ್ಕರಿನಲ್ಲಿ ಅನ್ನ ಎರಡು ಸೀಟಿಗೆ ಆಗುತ್ತದೆ. ರೇಷನ್ನಿನಲ್ಲಿ ಹುಳ ಇಲ್ಲದ ಜೋಳ, ಜೊತೆಗೆ ಒಂದು ಕೆಜಿ ಬೇಳೆ, ಒಂದು ಲೀಟರ್ ಎಣ್ಣೆ ಕೊಡಿ. ನಮ್ಮ ಹೆಣ್ಣುಮಕ್ಕಳು ಜೋಳಕ್ಕೆ ತಾವಾಗಿಯೇ ಬರುತ್ತಾರೆ.

ಎರೆಹೊಲ, ಸಿಂಧನೂರು

ಅಕ್ಕಾ, ನಾನು ಇಷ್ಟುದ್ದ ಬರೆದು ಹೇಳಲಾಗದ್ದನ್ನು ನೀವು ಹೇಳಿದಿರಿ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಜಗತ್ತಿನಲ್ಲಿ ಸುಮಾರು 67 ಕೋಟಿ ಜನ ಹಸಿದಿದ್ದರು. ಹಿಂದಿನ ವರ್ಷಕ್ಕಿಂತ ಕಮ್ಮಿ, ಆದರೆ ಆಫ್ರಿಕಾದಲ್ಲಿ ಜಾಸ್ತಿಯೇ ಆಗಿದೆ. ನಮ್ಮ ಬದುವಿನ ಮೇಲೆ ಬರೀ ಅನ್ನ ಉಣ್ಣುವವರು ಆ ಲೆಕ್ಕದಲ್ಲಿ ಸೇರುವುದೇ ಇಲ್ಲ. ಅವರ ಹೊಟ್ಟೆ ತುಂಬಿದೆ, ರಕ್ತ ತುಂಬಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಬೇಳೆ, ಎಣ್ಣೆಯ ವಿಷಯ ಬರೆದುಕೊಡುತ್ತೇನೆ. ಮೊಟ್ಟೆಯ ಅನುದಾನವನ್ನು ಬೆಲೆಗೆ ಜೋಡಿಸಿ ಅಂತಲೂ ಸೇರಿಸುತ್ತೇನೆ. ಮೇಷ್ಟ್ರೇ, ನಿಮ್ಮ ಊರಲ್ಲೂ ಎತ್ತಿ.

ಗುಳೆ ಹೋದವ, ಬೆಂಗಳೂರು

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾವು ಲಿಂಗಸುಗೂರು ತಾಲ್ಲೂಕಿನವರು, ಇಲ್ಲಿ ಕಟ್ಟಡದ ಕೆಲಸ. ಕಾರ್ಡ್ ಊರಲ್ಲಿದೆ, ಅಪ್ಪ ಅವ್ವ ಅಲ್ಲಿದ್ದಾರೆ. ಇಲ್ಲಿ ಕೆಜಿಗೆ 50 ಕೊಟ್ಟು ಅಕ್ಕಿ ಕೊಳ್ಳುತ್ತಿದ್ದೇವೆ. ಇಲ್ಲೇ ರೇಷನ್ ಸಿಗುತ್ತಾ?

ಮಾನ್ವಿ ರೇಷನ್ ಕಾರ್ಡ್

ಸಿಗುತ್ತದೆ ಅಣ್ಣಾ. ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ತಗೊಳ್ಳಬಹುದು. ಕಾರ್ಡ್ ನಂಬರ್ ಹೇಳಿ ಹೆಬ್ಬೆಟ್ಟು ಕೊಡಬೇಕು. ಕಾರ್ಡಿನಲ್ಲಿ ಹೆಸರಿರುವ ಯಾರಾದರೂ ಆಗುತ್ತದೆ, ಆಧಾರ್ ಜೋಡಣೆ ಮತ್ತು ಇ-ಕೆವೈಸಿ ಆಗಿರಬೇಕು ಅಷ್ಟೇ. ತಿಂಗಳ ಕೋಟಾವನ್ನು ಊರಲ್ಲಿ ಅವ್ವ ಪೂರ್ತಿ ಎತ್ತಿದ್ದರೆ ನಿಮಗೆ ಉಳಿಯುವುದಿಲ್ಲ, ಅವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಅಂಗಡಿಯವನು ಹೊರಗಿನ ಕಾರ್ಡ್ ನಡೆಯಲ್ಲ ಅಂದರೆ 1967ಕ್ಕೆ ಫೋನ್ ಮಾಡಿ. ತಿಂಗಳ ಮೊದಲ ಹತ್ತು ದಿನದಲ್ಲೇ ಹೋಗಿ, ಆಮೇಲೆ ದಾಸ್ತಾನು ಮುಗಿಯಿತು ಅನ್ನುತ್ತಾರೆ.